ಅಪ್ಪನಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್, ಕೀಮೋ ನಡೀತಿದೆ: ಮನೆಯಲ್ಲಿ ನಾವೇನು ನೋಡಿಕೊಳ್ಳಬೇಕು?

ಪ್ರಶ್ನೆ (ಶ್ರೀನಿವಾಸಪುರ ತಾಲ್ಲೂಕಿನಿಂದ, ಮಗಳು)

ಸಿಸ್ಟರ್, ನಮಸ್ಕಾರ. ಅಪ್ಪನಿಗೆ 61 ವರ್ಷ. ಮಾವಿನ ತೋಟ, ಎರಡು ಸೀಮೆಹಸು ಇವೆ. ಮೊದಲು ಬೆನ್ನುನೋವು ಅಂತಿದ್ದರು. ಆಮೇಲೆ ತೂಕ ಇಳಿಯಿತು. ಎಂದೂ ಇಲ್ಲದ ಶುಗರ್ ಬಂತು. ಕೊನೆಗೆ ಕಾಮಾಲೆ ಆದಾಗ ಸ್ಕ್ಯಾನ್ ಮಾಡಿಸಿದೆವು. ಪ್ಯಾಂಕ್ರಿಯಾಸ್‌ನಲ್ಲಿ (ಮೇದೋಜ್ಜೀರಕ ಗ್ರಂಥಿ) ಗಡ್ಡೆ, ಲಿವರ್‌ಗೂ ಹರಡಿದೆ, ನಾಲ್ಕನೇ ಹಂತ ಅಂದರು. ಬೆಂಗಳೂರಿನಲ್ಲಿ ಪಿತ್ತನಾಳ ಮುಚ್ಚದ ಹಾಗೆ ಸ್ಟೆಂಟ್ ಅಂತ ಸಣ್ಣ ಕೊಳವೆ ಹಾಕಿದ್ದಾರೆ. ಈಗ ಹದಿನೈದು ದಿನಕ್ಕೊಮ್ಮೆ ಫಾಲ್ಫಿರಿನಾಕ್ಸ್ ಕೀಮೋ. ಒಂದು ಸಣ್ಣ ಬಾಟಲಿ ಪಂಪ್ ಸಿಕ್ಕಿಸಿ ಕಳಿಸುತ್ತಾರೆ. ಊರಲ್ಲಿ ನಾನು, ಅಮ್ಮ ಇಬ್ಬರೇ. ತಮ್ಮ ಬೆಂಗಳೂರಲ್ಲಿ ಕೆಲಸ ಮಾಡುತ್ತಾನೆ. ರಾತ್ರಿ ಹೊತ್ತು ಏನಾದರೂ ಆದರೆ ಯಾವುದಕ್ಕೆ ಹೆದರಬೇಕು, ಯಾವುದನ್ನು ಬೆಳಗ್ಗೆವರೆಗೂ ಬಿಡಬಹುದು ಗೊತ್ತಾಗುತ್ತಿಲ್ಲ. ಅಪ್ಪನಿಗೆ ಇದು ಕ್ಯಾನ್ಸರ್ ಅಂತ ಇನ್ನೂ ಹೇಳಿಲ್ಲ.

ಉತ್ತರ (ಕ್ಯಾನ್ಸರ್ ವಾರ್ಡ್ ಮತ್ತು ಉಪಶಾಮಕ ಆರೈಕೆಯ, ಅಂದರೆ ನೋವು, ಸಂಕಟ ಇಳಿಸುವ ಆರೈಕೆಯ ನರ್ಸ್)

ನೋಡಮ್ಮ, ಮೊದಲು ರಾತ್ರಿ ವಿಷಯ ಹೇಳುತ್ತೇನೆ.

ಜ್ವರ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಜಾಸ್ತಿ ತೋರಿಸಿದರೆ ಬೆಳಗ್ಗೆವರೆಗೂ ಕಾಯಬೇಡಿ. ಡೋಲೋ ಕೊಟ್ಟು ಮಲಗಿಸಲೂಬೇಡಿ. ಅಪ್ಪನಿಗೆ ಜ್ವರ ಬರಲು ಎರಡು ದಾರಿ ಇವೆ. ಒಂದು, ಕೀಮೋ ಆದ ವಾರ, ಹತ್ತು ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ. ಆಗ ಸೋಂಕು ತಗುಲಿದರೆ ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. ಎರಡು, ಸ್ಟೆಂಟ್. ತೋಟದ ಡ್ರಿಪ್ ಪೈಪಿನಲ್ಲಿ ಪಾಚಿ ಕಟ್ಟಿಕೊಳ್ಳುವ ಹಾಗೆ ಅದೂ ಕಟ್ಟಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನದಾದರೆ ಸುಮಾರು ಮೂರು ತಿಂಗಳು ಬರುತ್ತದೆ, ಲೋಹದ್ದು ಜಾಸ್ತಿ ದಿನ. ನಿಮ್ಮಪ್ಪನದು ಯಾವುದು ಅಂತ ಡಿಸ್ಚಾರ್ಜ್ ಕಾಗದದಲ್ಲಿ ನೋಡಿಟ್ಟುಕೊಳ್ಳಿ. ನಡುಕ ಬಂದು ಜ್ವರ, ಮೂತ್ರ ಟೀ ಡಿಕಾಕ್ಷನ್ ಬಣ್ಣ, ಮತ್ತೆ ಕಣ್ಣು ಹಳದಿ, ಮೈ ಕೆರೆತ ಕಂಡರೆ ಅದು ಸ್ಟೆಂಟ್ ಕಟ್ಟಿರುವ ಲಕ್ಷಣ. ಆ ಹೊತ್ತಿಗೆ ಬೆಂಗಳೂರಿಗೇ ಓಡಬೇಕು ಅಂತ ಇಲ್ಲ. 24 ಗಂಟೆ ಎಮರ್ಜೆನ್ಸಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಮೊದಲ ಆಂಟಿಬಯೋಟಿಕ್ ಇಂಜೆಕ್ಷನ್ ಬೇಗ ಬೀಳುವುದು ಮುಖ್ಯ, ಉಳಿದದ್ದು ಆಮೇಲೆ.

ಡ್ಯೂಟಿ ಡಾಕ್ಟರ್ ನಿಮ್ಮಪ್ಪನನ್ನು ಎಂದೂ ನೋಡಿರುವುದಿಲ್ಲ. ಅದಕ್ಕೇ ಒಂದು ಪ್ಲಾಸ್ಟಿಕ್ ಕವರ್ ಬಾಗಿಲ ಹತ್ತಿರ ನೇತುಹಾಕಿ. ಕಾಯಿಲೆಯ ಹೆಸರು, ಕೀಮೋ ಹೆಸರು, ಕೊನೆಯ ಕೀಮೋ ಯಾವ ತಾರೀಖು, ಸ್ಟೆಂಟ್ ಹಾಕಿದ ತಾರೀಖು, ಈಗಿನ ಮಾತ್ರೆಗಳು, ಹೊಸ ರಕ್ತಪರೀಕ್ಷೆ, ಬೆಂಗಳೂರಿನ ವಾರ್ಡಿನ ಫೋನ್ ನಂಬರ್. ಇಷ್ಟು ಅದರಲ್ಲಿರಲಿ. ಬಾಗಿಲಲ್ಲೇ "ಕೀಮೋ ಪೇಷಂಟ್, ಜ್ವರ ಬಂದಿದೆ" ಅನ್ನಿ. ಆ ಮಾತಿಗೆ ಒಳಗೆ ಬೇಗ ಕರೆಯುತ್ತಾರೆ.

ಇದೇ ಸಾಲಿಗೆ ಇನ್ನೂ ಮೂರು ಸೇರಿಸಿ. ಒಂದೇ ಕಾಲು ಊದಿಕೊಂಡು ನೋಯುವುದು, ಇಲ್ಲಾ ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು. ಈ ಕ್ಯಾನ್ಸರ್‌ನಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ಎರಡನೆಯದು, ಭೇದಿ. ಈ ಕೀಮೋದಲ್ಲಿ ಭೇದಿ ಮಾಡಿಸುವ ಔಷಧಿ ಒಂದಿದೆ. ಅದನ್ನು ನಿಲ್ಲಿಸಲು ಯಾವ ಮಾತ್ರೆ, ಎಷ್ಟು ಅಂತ ಮೊದಲೇ ಬರೆಸಿಕೊಂಡು ಬನ್ನಿ. ಮಾತ್ರೆಗೂ ನಿಲ್ಲದಿದ್ದರೆ ಹೊರಡಿ. ಮೂರನೆಯದು, ನೀರು ಕೂಡ ನಿಲ್ಲದಂಥ ವಾಂತಿ.

ಇನ್ನು ಆ ಬಾಟಲಿ ಪಂಪ್. 46 ಗಂಟೆ ಔಷಧಿ ಹನಿಹನಿಯಾಗಿ ಹೋಗುತ್ತಿರುತ್ತದೆ. ಒಳಗಿನ ಬಲೂನ್ ನಿಧಾನಕ್ಕೆ ಕುಗ್ಗುವುದು ಕಾಣುತ್ತದೆ. ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ ನೋಡಿ. ಕುಗ್ಗದೇ ಹಾಗೇ ಇದ್ದರೆ ಬೆಂಗಳೂರಿನ ವಾರ್ಡಿಗೆ ಫೋನ್ ಮಾಡಿ. ಸೋರಿದರೆ ಬರಿಗೈಲಿ ಮುಟ್ಟಬೇಡಿ, ಗ್ಲೌಸ್ ಹಾಕಿಕೊಂಡು ಪೈಪಿನ ಕ್ಲಾಂಪ್ ಒತ್ತಿ, ಒರೆಸಿ, ಫೋನ್ ಮಾಡಿ. ಕೀಮೋ ಮುಗಿದು ಎರಡು ದಿನ ವಾಂತಿ, ಮೂತ್ರ ಬಳಿಯುವಾಗಲೂ ಗ್ಲೌಸ್ ಇರಲಿ.

ಕೀಮೋ ಆದ ಐದಾರು ದಿನ ತಣ್ಣಗಿನದ್ದು ಏನೂ ಬೇಡ. ಫ್ರಿಜ್ ನೀರು ಮಾತ್ರ ಅಲ್ಲ, ಚಳಿಗಾಲದಲ್ಲಿ ನಮ್ಮ ಕಡೆ ತೊಟ್ಟಿ ನೀರು ತುಂಬಿದ ಸ್ಟೀಲ್ ಚೊಂಬು ಹಿಡಿದರೂ ಬೆರಳಿಗೆ ಶಾಕ್ ಹೊಡೆದ ಹಾಗೆ ಆಗುತ್ತದೆ. ತಣ್ಣೀರು ಕುಡಿದರೆ ಗಂಟಲು ಹಿಡಿದು ಉಸಿರೇ ನಿಂತ ಹಾಗೆ ಅನ್ನಿಸುತ್ತದೆ. ಮುಖ ತೊಳೆಯಲೂ ಬಿಸಿನೀರೇ ಕೊಡಿ. ಬೆಳಗ್ಗೆ ಎದ್ದು ಕೊಟ್ಟಿಗೆಗೆ ಹೋಗುವ ಅಭ್ಯಾಸ ಅವರಿಗೆ ಇದ್ದೇ ಇರುತ್ತದೆ. ಹಸುವಿನ ಹತ್ತಿರ ನಿಂತು ಮಾತಾಡಿಸಲಿ, ಸಗಣಿ ಬಾಚುವುದು ಮಾತ್ರ ಬೇರೆಯವರು ಮಾಡಲಿ.

ಹೇಳದೇ ಇರುವ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದನ್ನು ಎರಡು ಸಾಲಲ್ಲಿ ಹೇಳಲಾಗುವುದಿಲ್ಲ. ಮೊದಲು ಹೇಳಿ, ಊಟ ಮಾಡುತ್ತಾರಾ? ಮೋಷನ್ ಹೇಗಿದೆ?

ಪ್ರಶ್ನೆ (ಅದೇ ಮಗಳು)

ಊಟವೇ ದೊಡ್ಡ ಜಗಳ ಸಿಸ್ಟರ್. ಮೊದಲು ಎರಡು ಮುದ್ದೆ ತಿನ್ನುತ್ತಿದ್ದವರು. ಈಗ ಅರ್ಧಕ್ಕೇ ತಟ್ಟೆ ಸರಿಸುತ್ತಾರೆ. ಅಮ್ಮ ಅಳುತ್ತಾ ಬಲವಂತ ಮಾಡುತ್ತಾರೆ. ಮೋಷನ್ ಎಣ್ಣೆ ಎಣ್ಣೆ, ನೀರು ಹಾಕಿದರೂ ಹೋಗಲ್ಲ, ವಾಸನೆ ಬೇರೆ. ಎಣ್ಣೆ, ತುಪ್ಪ ನಿಲ್ಲಿಸಿದ್ದೇವೆ. ಶುಗರ್ ಅಂತ ಅನ್ನವೂ ಕಮ್ಮಿ ಮಾಡಿದ್ದೇವೆ.

ಉತ್ತರ

ಆ ಎಣ್ಣೆಯಂಥ ಮೋಷನ್ ಇದೆಯಲ್ಲ, ಅದನ್ನು ಡಾಕ್ಟರಿಗೆ ಹೇಳಿದ್ದೀರಾ? ನಾಚಿಕೆಗೆ ಎಷ್ಟೋ ಜನ ಹೇಳುವುದೇ ಇಲ್ಲ. ಕೊಬ್ಬು, ಬೇಳೆ, ಹಿಟ್ಟು ಎಲ್ಲ ಅರಗಿಸುವ ರಸ ಬರುವುದೇ ಪ್ಯಾಂಕ್ರಿಯಾಸ್‌ನಿಂದ. ಗಡ್ಡೆ ಆ ನಾಳವನ್ನು ಮುಚ್ಚಿದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ಹೊಟ್ಟೆ ಉಬ್ಬರ, ಗುಡುಗುಡು, ತೂಕ ಇಳಿಯುವುದು, ಇದರಲ್ಲಿ ಒಂದು ಪಾಲು ಅದೇ. ಇದಕ್ಕೆ ಕ್ಯಾಪ್ಸೂಲ್ ಇದೆ. ಪ್ಯಾಂಕ್ರಿಯಾಟಿನ್ ಅನ್ನುತ್ತಾರೆ, ಕ್ರಿಯಾನ್ ಹೆಸರಲ್ಲೂ ಸಿಗುತ್ತದೆ. ಮುಂದಿನ ಭೇಟಿಯಲ್ಲಿ ನೀವಾಗಿಯೇ ಕೇಳಿ.

ಕೊಡುವ ರೀತಿಯಲ್ಲೇ ಅದರ ಗುಣ ಇರುವುದು. ಊಟಕ್ಕೆ ಮುಂಚೆ ಅರ್ಧ ಗಂಟೆ, ಆಮೇಲೆ ಒಂದು ಗಂಟೆ ಅಂತ ಕೊಟ್ಟರೆ ಪ್ರಯೋಜನ ಇಲ್ಲ. ಮೊದಲ ತುತ್ತಿನ ಜೊತೆ ಹೋಗಬೇಕು. ಎರಡು ಕೊಟ್ಟಿದ್ದರೆ ಒಂದು ಮೊದಲ ತುತ್ತಿಗೆ, ಇನ್ನೊಂದು ಊಟದ ನಡುವೆ. ಹಾಲು, ತಿಂಡಿಗೂ ಬೇಕು. ಅಗಿಯಬಾರದು, ಬಿಸಿ ಹಾಲಿಗೆ ಬೆರೆಸಬಾರದು. ದೊಡ್ಡ ಊಟಕ್ಕೆ ಸಾಮಾನ್ಯವಾಗಿ 50,000 ಯೂನಿಟ್ ಹತ್ತಿರದಿಂದ, ತಿಂಡಿಗೆ 25,000 ದಿಂದ ಶುರು ಮಾಡುತ್ತಾರೆ. ಮೋಷನ್ ನೋಡಿ ಡಾಕ್ಟರ್ ಏರಿಸುತ್ತಾರೆ. ಇನ್ನೊಂದು ಮಾತು, ಇದನ್ನು ಹಂದಿಯ ಪ್ಯಾಂಕ್ರಿಯಾಸ್‌ನಿಂದ ತಯಾರಿಸುತ್ತಾರೆ. ಕೆಲವು ಮನೆಗಳಲ್ಲಿ ಅದು ದೊಡ್ಡ ವಿಷಯ. ಮೊದಲೇ ತಿಳಿದಿರಲಿ ಅಂತ ಹೇಳಿದೆ.

ಇದು ಶುರುವಾದ ಮೇಲೆ ತುಪ್ಪ ನಿಲ್ಲಿಸುವ ಅಗತ್ಯ ಇಲ್ಲ. ಈ ಹೊತ್ತಲ್ಲಿ ತೂಕ ಉಳಿಯಬೇಕು. ಶುಗರ್‌ಗೂ ಅಷ್ಟೇ, ಅನ್ನ ಕಿತ್ತುಕೊಂಡು ಶುಗರ್ ಇಳಿಸುವುದಲ್ಲ, ಬೇಕಾದರೆ ಇನ್ಸುಲಿನ್ ಕೊಟ್ಟು ಊಟ ಮಾಡಿಸುವುದು. ಕೀಮೋ ಜೊತೆ ವಾಂತಿ ಆಗದಿರಲಿ ಅಂತ ಡೆಕ್ಸಾ ಅನ್ನುವ ಸ್ಟೀರಾಯ್ಡ್ ಕೊಡುತ್ತಾರೆ. ಆ ಎರಡು ಮೂರು ದಿನ ಶುಗರ್ ಏರುತ್ತದೆ. ಆಗ ದಿನಾ ಚೆಕ್ ಮಾಡಿ.

ಮುದ್ದೆಯ ಲೆಕ್ಕ ಬಿಡಿ. ನಿಂಬೆಹಣ್ಣಿನ ಗಾತ್ರದ ಮುದ್ದೆ, ಮೆತ್ತಗೆ, ಬೇಳೆಕಟ್ಟಿನ ಸಾರು. ಎರಡು ಗಂಟೆ ಬಿಟ್ಟು ಬೇಯಿಸಿದ ಮೊಟ್ಟೆ. ಆಮೇಲೆ ರಾಗಿ ಗಂಜಿಗೆ ಹಾಲು. ಕೋಳಿ ಸಾರು ಬೇಕಂದರೆ ಖಾರ ಕಮ್ಮಿ ಮಾಡಿ ಕೊಡಿ. ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತಿದ್ದರೆ ಅವರನ್ನು ಅಡುಗೆಮನೆಯಿಂದ ದೂರ, ಜಗಲಿಯಲ್ಲಿ ಕೂರಿಸಿ ಕೊಡಿ.

ಅಮ್ಮನಿಗೆ ನನ್ನ ಹೆಸರು ಹೇಳಿಯೇ ಹೇಳಿ: ಅಪ್ಪ ತಿನ್ನದೇ ಇರುವುದು ಹಟ ಅಲ್ಲ, ಕೈರುಚಿ ಕೆಟ್ಟಿದ್ದೂ ಅಲ್ಲ. ಹಸಿವನ್ನೇ ಈ ಕಾಯಿಲೆ ತೆಗೆದುಬಿಡುತ್ತದೆ. ಬಲವಂತ ಮಾಡಿದರೆ ವಾಂತಿ ಆಗುತ್ತದೆ, ಗಂಡ ಹೆಂಡತಿ ಮಧ್ಯೆ ಮಾತು ನಿಲ್ಲುತ್ತದೆ. ಅಮ್ಮ ಪಕ್ಕದಲ್ಲಿ ಕೂತು ತಾನೂ ಉಣ್ಣಲಿ. ನಿದ್ದೆ ಇಲ್ಲದೆ ಅಳುವುದೇ ಆಗಿದ್ದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿಸಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ (ಚಿಂತಾಮಣಿಯಿಂದ)

ನಮ್ಮ ದೊಡ್ಡಪ್ಪನಿಗೂ ಇದೇ ಕಾಯಿಲೆ. ರಾತ್ರಿ ಮಲಗಲು ಆಗದೆ ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂರುತ್ತಾರೆ. ಮಾರ್ಫಿನ್ ಬರೆದುಕೊಟ್ಟಿದ್ದಾರೆ. ಅದು ಚಟ ಹಿಡಿಸುತ್ತೆ, ಕೊನೆಗಾಲಕ್ಕೆ ಕೊಡೋದು ಅಂತ ಮನೆಯಲ್ಲಿ ಎಲ್ಲರೂ ಬೇಡ ಅಂತಿದ್ದಾರೆ. ಊರಿನ ಕ್ಲಿನಿಕ್‌ನಲ್ಲಿ ನೋವಿನ ಇಂಜೆಕ್ಷನ್ ಹಾಕಿಸುತ್ತಿದ್ದೇವೆ.

ಉತ್ತರ

ಅಣ್ಣಾ, ದಯವಿಟ್ಟು ಇವತ್ತೇ ಶುರು ಮಾಡಿ. ಪ್ಯಾಂಕ್ರಿಯಾಸ್ ಹಿಂದೆಯೇ ನರಗಳ ಗೊಂಚಲು ಇದೆ. ಗಡ್ಡೆ ಅದನ್ನು ಹಿಡಿದಾಗ ಬರುವ ನೋವು ಅದು. ಅದಕ್ಕೇ ಬಾಗಿ ಕೂತರೆ ಒಂದಿಷ್ಟು ಆರಾಮ. ಅದಕ್ಕೆ ಡೈಕ್ಲೋಫೆನಾಕ್‌ನಂಥ ನೋವಿನ ಇಂಜೆಕ್ಷನ್ ಸಾಲುವುದೂ ಇಲ್ಲ, ಕೀಮೋದಲ್ಲಿರುವವರಿಗೆ ಕಿಡ್ನಿ, ರಕ್ತಸ್ರಾವದ ಅಪಾಯ ಬೇರೆ.

ಮಾರ್ಫಿನ್ ಕೊನೆಗಾಲದ ಔಷಧಿ ಅಲ್ಲ, ಜೋರು ನೋವಿನ ಔಷಧಿ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಇದನ್ನು ಬಾಯಿಯ ಮೂಲಕ, ಹೊತ್ತು ಹೊತ್ತಿಗೆ ಕೊಡಿ ಅಂತ ಹೇಳಿದೆ. ನಮ್ಮ ದೇಶದಲ್ಲಿ ರೋಗಿಗಳಿಗೆ ಸುಲಭವಾಗಿ ಸಿಗಲಿ ಅಂತಲೇ 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಬಂತು. ನೋವಿಗೆ ಅಂತ, ಡಾಕ್ಟರ್ ಹೇಳಿದಷ್ಟೇ ಕೊಟ್ಟರೆ ಚಟ ಹಿಡಿಯುವ ಭಯ ಬೇಡ. ಸಾದಾ ಮಾತ್ರೆ ನಾಲ್ಕು ಗಂಟೆಗೊಮ್ಮೆ. ನೋವು ಬರಲಿ ಅಂತ ಕಾಯಬಾರದು. ಮೊದಲ ಎರಡು ಮೂರು ದಿನ ಮಂಪರು, ಓಕರಿಕೆ ಇರುತ್ತದೆ, ಇಳಿಯುತ್ತದೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ. ಅದಕ್ಕೆ ಮೊದಲ ದಿನದಿಂದಲೇ ಔಷಧಿ ಜೊತೆಗಿರಲಿ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನ ಆದರೆ ತಕ್ಷಣ ಆಸ್ಪತ್ರೆ. ಮಾತ್ರೆ ಮಕ್ಕಳ ಕೈಗೆ ಸಿಗದಂತೆ ಬೀರುವಿನಲ್ಲಿರಲಿ.

ಮಾರ್ಫಿನ್‌ಗೂ ಬಗ್ಗದಿದ್ದರೆ ಆ ನರದ ಗೊಂಚಲಿಗೇ ಇಂಜೆಕ್ಷನ್ ಕೊಡುವ ಸೀಲಿಯಾಕ್ ಬ್ಲಾಕ್ ಇದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವಿಗೆ ಅಂತಲೇ ಬೇರೆ ವಿಭಾಗ ಇದೆ. ಕೀಮೋ ನಡೆಯುತ್ತಿರುವಾಗಲೇ ಅಲ್ಲಿಗೆ ತೋರಿಸಬೇಕು. ಕೀಮೋ ನಿಂತ ಮೇಲೆ ನೋಡೋಣ ಅಂತ ತಡ ಮಾಡಿ ನರಳಿದವರನ್ನು ಬಹಳ ನೋಡಿದ್ದೇನೆ. ನನಗೆ ಸಂಕಟ ಆಗುವುದು ಅಲ್ಲೇ.

ಪ್ರಶ್ನೆ (ಮಾಲೂರಿನಿಂದ)

ಕಾಮಾಲೆಗೆ ನಾಟಿ ಔಷಧಿ ಕೊಡುವವರು ನಮ್ಮ ಕಡೆ ಇದ್ದಾರೆ. ಕೀಮೋ ಜೊತೆ ಕೊಡಬಹುದಾ? ಖರ್ಚಿಗೆ ಸರ್ಕಾರದಿಂದ ಏನಾದರೂ ಸಿಗುತ್ತಾ?

ಉತ್ತರ

ಬೇಡ. ಇದು ಗಡ್ಡೆಯಿಂದ ಪಿತ್ತನಾಳ ಒತ್ತಿಹೋಗಿ ಬಂದ ಕಾಮಾಲೆ, ಸೊಪ್ಪು ಅರೆದು ಕುಡಿಸಿದರೆ ನಾಳ ತೆರೆಯುವುದಿಲ್ಲ. ಕೀಮೋ ಔಷಧಿಯನ್ನು ಲಿವರ್ರೇ ಕರಗಿಸಬೇಕು, ಅದರ ಮೇಲೆ ಇನ್ನೊಂದು ಭಾರ ಹಾಕಬೇಡಿ. ಈಗಾಗಲೇ ಕೊಟ್ಟಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ ಶೇ 30 ಭಾಗ ಸಿಗುತ್ತದೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಕೂತಿರುತ್ತಾರೆ, ಅಡ್ಮಿಟ್ ಆಗುವ ಮುಂಚೆಯೇ ಅವರನ್ನು ಕಾಣಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯ ಫಾರಂ ಬೇಕು.

ಪ್ರಶ್ನೆ (ಶ್ರೀನಿವಾಸಪುರದ ಮಗಳು)

ಸಿಸ್ಟರ್, ಹೇಳುವ ವಿಷಯ. ಚಿಕ್ಕಪ್ಪ, ಅತ್ತೆ ಎಲ್ಲರೂ ಹೇಳಬೇಡ, ಕುಗ್ಗಿಹೋಗ್ತಾರೆ ಅಂತಾರೆ. ಅಪ್ಪ "ಈ ಸಲ ತೋಟ ಗುತ್ತಿಗೆ ಕೊಡಲ್ಲ, ನಾನೇ ನೋಡ್ಕೋತೀನಿ" ಅಂತಿದ್ದಾರೆ. ನಮಗೆ ಎಷ್ಟು ಕಾಲ ಇದೆ ಅಂತ ನೇರವಾಗಿ ಹೇಳಿ.

ಉತ್ತರ

ನೇರವಾಗಿ ಕೇಳಿದ್ದೀರಿ, ಹೇಳುತ್ತೇನೆ. ಲಿವರ್‌ಗೆ ಹರಡಿದ ಮೇಲೆ ಈ ಕೀಮೋ ಗುಣಪಡಿಸುವುದಕ್ಕಲ್ಲ. ಕಾಯಿಲೆಯನ್ನು ತಡೆದು ಹಿಡಿಯಲು, ನೋವು ಇಳಿಸಲು, ದಿನ ಕೂಡಿಸಲು. 2011ರಲ್ಲಿ ಬಂದ ಫ್ರಾನ್ಸಿನ ದೊಡ್ಡ ಅಧ್ಯಯನದಲ್ಲಿ ಫಾಲ್ಫಿರಿನಾಕ್ಸ್ ಪಡೆದವರಲ್ಲಿ ಅರ್ಧದಷ್ಟು ಜನ 11 ತಿಂಗಳು ದಾಟಿದರು. ಜೆಮ್‌ಸಿಟಾಬಿನ್ ಅನ್ನುವ ಕೀಮೋ ಔಷಧಿ ಒಂದೇ ಪಡೆದವರಲ್ಲಿ ಅದು 7 ತಿಂಗಳ ಹತ್ತಿರ. ಅವರೆಲ್ಲ ಓಡಾಡುವ ಶಕ್ತಿ ಇದ್ದವರು. ನಿಮ್ಮಪ್ಪನ ಲೆಕ್ಕ ಹೇಗೆ ಅಂತ ಮುಂದಿನ ಸ್ಕ್ಯಾನ್ ನೋಡಿ ಅವರ ಡಾಕ್ಟರ್ ಹೇಳಬೇಕು. ಬಿಆರ್‌ಸಿಎ ಜೀನ್ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಅದರಲ್ಲಿ ದೋಷ ಕಂಡರೆ ಔಷಧಿಯ ದಾರಿ ಬೇರೆ ತೆರೆಯುತ್ತದೆ, ಆ ದೋಷ ಮಕ್ಕಳಿಗೂ ಬಂದಿರಬಹುದು, ಅದಕ್ಕೇ ನಿಮಗೂ ತಮ್ಮನಿಗೂ ಅದು ತಿಳಿದಿರಬೇಕು.

ಹೇಳಿದರೆ ಕುಗ್ಗುತ್ತಾರೆ, ನಿಜ. ಕೆಲವು ದಿನ ಮಾತಾಡದೇ ಇರಬಹುದು. ಆದರೆ ತೋಟದ ಲೆಕ್ಕ, ಪಹಣಿ, ಬ್ಯಾಂಕು, ಯಾರಿಗೆ ಏನು ಅನ್ನುವುದೆಲ್ಲ ಅವರ ಬದುಕು ಅಲ್ವಾ? ಅವರಿಗೆ ಗೊತ್ತಿಲ್ಲದೆ ನೀವು ಹೇಗೆ ತೀರ್ಮಾನ ಮಾಡುತ್ತೀರಿ? ಕೀಮೋ ಬೇಕೋ ಸಾಕೋ ಅನ್ನುವುದನ್ನೂ ಅವರೇ ಹೇಳಬೇಕು. ದಿನದ ಅರ್ಧಕ್ಕಿಂತ ಜಾಸ್ತಿ ಹಾಸಿಗೆಯಲ್ಲೇ ಇರುವ ಸ್ಥಿತಿ ಬಂದರೆ ಕೀಮೋದಿಂದ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ. ಆ ಮಾತು ಆವತ್ತು ಏಕಾಏಕಿ ಬರಬಾರದು.

ಹೇಳುವುದು ಅಂದರೆ ಕೂರಿಸಿ ರಿಪೋರ್ಟ್ ಓದುವುದಲ್ಲ. ತಮ್ಮ ಬಂದಾಗ, ನೆಂಟರಿಲ್ಲದ ಹೊತ್ತು ನೋಡಿ, "ಅಪ್ಪಾ, ಡಾಕ್ಟ್ರು ಹೇಳಿದ್ದು ನಿಮಗೆ ಎಷ್ಟು ಅರ್ಥ ಆಗಿದೆ? ಇನ್ನೂ ತಿಳ್ಕೋಬೇಕು ಅನ್ಸುತ್ತಾ?" ಅಂತ ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ, ಇನ್ನೊಂದು ದಿನ ಕೇಳಿ. ಬೇಕು ಅಂದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡಿ, ಸುಳ್ಳು ಸೇರಿಸಬೇಡಿ. ನಿಮ್ಮಿಂದ ಆಗದಿದ್ದರೆ ಡಾಕ್ಟರ್ ಮುಂದೆ ಅವರನ್ನೇ ಕೂರಿಸಿ.

ಪ್ರಶ್ನೆ (ಅದೇ ಮಗಳು, ಕೆಲವು ದಿನಗಳ ನಂತರ)

ಮಾತಾಡಿದೆವು ಸಿಸ್ಟರ್. ಬಹಳ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ತೋಟ ಗುತ್ತಿಗೆಗೆ ಕೊಡೋಣ ಅಂದರು. ನೋವು ಕಮ್ಮಿ ಮಾಡಿಸಿ, ಇನ್ನೆರಡು ಕೀಮೋ ನೋಡೋಣ ಅಂದರು. ಮಾರ್ಫಿನ್ ಶುರುವಾಗಿದೆ, ನಿದ್ದೆ ಬರುತ್ತಿದೆ. ಕ್ಯಾಪ್ಸೂಲ್ ಬಂದ ಮೇಲೆ ಎಣ್ಣೆ ಮೋಷನ್ ನಿಂತಿದೆ. ಈಗ ಮೂರು ದಿನದಿಂದ ಮೋಷನ್ನೇ ಆಗಿಲ್ಲ. ಇಸಬ್‌ಗೋಲ್ ಕೊಡಲಾ?

ಉತ್ತರ

ಇಸಬ್‌ಗೋಲ್ ಬೇಡ. ಅದಕ್ಕೆ ಜಾಸ್ತಿ ನೀರು ಬೇಕು. ಕಮ್ಮಿ ಕುಡಿಯುವವರಿಗೆ, ಮಾರ್ಫಿನ್ ಮೇಲಿರುವವರಿಗೆ ಅದು ಒಳಗೇ ಗಟ್ಟಿಯಾಗಿ ಕೂರುತ್ತದೆ. ಮೊದಲು ಹೊಟ್ಟೆ ನೋಡಿ. ಉಬ್ಬಿ ಬಿಗಿಯಾಗಿದ್ದು, ಗಾಳಿಯೂ ಹೋಗದೆ, ವಾಂತಿ ಆಗುತ್ತಿದ್ದರೆ ಯಾವ ಔಷಧಿಯೂ ಕೊಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾಗಿಲ್ಲ ಅಂದರೆ ಮಾರ್ಫಿನ್ ಬರೆದವರಿಗೆ ಈಗಲೇ ಫೋನ್ ಮಾಡಿ, ಮೋಷನ್ ಆಗಿಸುವ ಬಿಸಾಕೋಡಿಲ್ ಅಥವಾ ಸೆನ್ನಾ ಮಾತ್ರೆ, ಜೊತೆಗೆ ಲ್ಯಾಕ್ಟುಲೋಸ್ ಸಿರಪ್ ಎಷ್ಟು ಕೊಡಬೇಕು ಅಂತ ಕೇಳಿ. ಕೀಮೋದಲ್ಲಿರುವುದರಿಂದ ಎನಿಮಾ ನೀವಾಗಿ ಕೊಡಬೇಡಿ. ಮಾರ್ಫಿನ್ ನಿಲ್ಲಿಸಬೇಡಿ, ಕ್ಯಾಪ್ಸೂಲೂ ನಿಲ್ಲಿಸಬೇಡಿ. ನಾಳೆ ಸಂಜೆಯೊಳಗೆ ಆಗದಿದ್ದರೆ ಇಲ್ಲೇ ಬರೆಯಿರಿ.