ಭಾರ ಹಾಕಿದ ಮೇಲೆ ವಿಮಾನ ಸರಿಯಾಗಿ ಇಳಿಯುತ್ತಿಲ್ಲ, ಗೊತ್ತಿದ್ದವರು ಹೇಳಿ

ಪ್ರಶ್ನೆ (ದಾವಣಗೆರೆ, ಇಂಜಿನಿಯರಿಂಗ್ ವಿದ್ಯಾರ್ಥಿಗಳು): ನಮಸ್ಕಾರ. ಸ್ಪರ್ಧೆಗೆ ಮೂರು ಚಕ್ರದ ರಿಮೋಟ್ ವಿಮಾನ ಮಾಡಿದ್ದೇವೆ. ಖಾಲಿ ತೂಕ 1700 ಗ್ರಾಂ, ರೆಕ್ಕೆಯ ಕಾರ್ಡ್ (ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲ) 300 ಮಿ.ಮೀ., ಸಿ.ಜಿ. (ಗುರುತ್ವ ಕೇಂದ್ರ, ಅಂದರೆ ವಿಮಾನದ ತೂಕ ಸಮತೋಲವಾಗುವ ಜಾಗ) ರೆಕ್ಕೆಯ ಮುಂದಿನ ಅಂಚಿನಿಂದ 84 ಮಿ.ಮೀ. ಖಾಲಿ ಇದ್ದಾಗ ಚೆನ್ನಾಗಿ ಇಳಿಯುತ್ತೆ. ಅದೇ ಅಂಚಿನಿಂದ 150 ಮಿ.ಮೀ. ಹಿಂದಿರುವ ಡಬ್ಬಿಗೆ 700 ಗ್ರಾಂ ಕಬ್ಬಿಣದ ಪಟ್ಟಿ ಹಾಕಿದರೆ, ನೆಲದ ಹತ್ತಿರ ಮೂತಿ ಎತ್ತಿ ದೊಪ್ಪನೆ ಬೀಳುತ್ತೆ. ಬ್ಯಾಟರಿ (350 ಗ್ರಾಂ) ಮುಂದೆ ತಳ್ಳಿದರೆ ಸಾಕಾ ಸರ್?

ಉತ್ತರ 1 (ದಾವಣಗೆರೆ): ಸಾಕಾಗಲ್ಲ. ಲೆಕ್ಕ ಹಾಕಿ: 1700×84 ಕ್ಕೆ 700×150 ಕೂಡಿಸಿ 2400ರಿಂದ ಭಾಗಿಸಿದರೆ 103 ಮಿ.ಮೀ. ಅಂದರೆ ಸಿ.ಜಿ. ಕಾರ್ಡಿನ 28%ನಿಂದ 34%ಗೆ ಹಿಂದೆ ಸರಿದಿದೆ. ಬಾಲ ಭಾರವಾದಾಗ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಸ್ವಲ್ಪ ಎಳೆದರೂ ಮೂತಿ ಜಾಸ್ತಿ ಏಳುತ್ತೆ, ವೇಗ ಸತ್ತು ಸ್ಟಾಲ್ ಆಗುತ್ತೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತೆ. ಬ್ಯಾಟರಿಯಿಂದಲೇ ಸರಿಮಾಡಬೇಕೆಂದರೆ ಅದನ್ನು 132 ಮಿ.ಮೀ. ಮುಂದೆ ಒಯ್ಯಬೇಕು. ಅಷ್ಟು ಜಾಗ ಮೂತಿಯಲ್ಲಿ ಎಲ್ಲಿದೆ? ಇದ್ದರೂ, ಪಟ್ಟಿ ತೆಗೆದ ದಿನ ಸಿ.ಜಿ. 57ಕ್ಕೆ ಬಂದು ಮೂತಿ ಭಾರವಾಗುತ್ತೆ. ಡಬ್ಬಿಯನ್ನೇ ಕಿತ್ತು 84ರ ಮೇಲೆ ಕೂರಿಸಿ. ಆಗ ಭಾರ ಹಾಕಿದರೂ ತೆಗೆದರೂ ಸಿ.ಜಿ. ಅಲ್ಲೇ ನಿಲ್ಲುತ್ತೆ.

ಉತ್ತರ 2 (ಚಿತ್ರದುರ್ಗ): ಡಬ್ಬಿ ಸರಿಸಿದರೂ ಅರ್ಧ ಕೆಲಸ ಉಳಿಯುತ್ತೆ. ತೂಕ 1.41 ಪಟ್ಟಾದರೆ ಸ್ಟಾಲ್ ವೇಗ ಅದರ ವರ್ಗಮೂಲದಷ್ಟು, ಸುಮಾರು 19% ಏರುತ್ತೆ. ಖಾಲಿಯಲ್ಲಿ ಸೆಕೆಂಡಿಗೆ 8 ಮೀಟರ್ ಇದ್ದರೆ ಅದು 9.5 ಆಗುತ್ತೆ, ಅದರ 1.3 ಪಟ್ಟು, ಅಂದರೆ 12 ಮೀಟರ್ ವೇಗದಲ್ಲಿ ಇಳಿಸಲು ತನ್ನಿ. ನೆಲ ಮುಟ್ಟುವಾಗಿನ ಶಕ್ತಿ ಎರಡು ಪಟ್ಟು ಎನ್ನುವುದು ನೆನಪಿರಲಿ, ಚಕ್ರದ ಕಡ್ಡಿ ಬಾಗುವುದು ಅದಕ್ಕೇ. ಇನ್ನೊಂದು: ಕಂಪ್ಯೂಟರ್ ಲೆಕ್ಕಗಳು ಸಾಮಾನ್ಯವಾಗಿ ಸಮುದ್ರಮಟ್ಟದ 15 ಡಿಗ್ರಿ ಗಾಳಿಗೆ. ದಾವಣಗೆರೆ ಸುಮಾರು 600 ಮೀಟರ್ ಎತ್ತರ, ಬೇಸಿಗೆಯ 35 ಡಿಗ್ರಿಯಲ್ಲಿ ಗಾಳಿ ತೆಳುವಾಗಿ ನೆಲದ ಮೇಲಿನ ವೇಗ ಇನ್ನೂ 7% ಜಾಸ್ತಿ ಬೇಕು. ನಮ್ಮ ಕಡೆ ಬಂದರೆ ಗಾಳಿ ಏಳುವ ಮೊದಲು ಬೆಳಿಗ್ಗೆಯೇ ಹಾರಿಸಿ, ಜೋಗಿಮಟ್ಟಿ ಬೆಟ್ಟದ ಸುತ್ತ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ.

ಉತ್ತರ 3 (ದಾವಣಗೆರೆ): ಹೆದರಿ ಮೂತಿಗೆ ಸೀಸ ತುಂಬಲು ಹೋಗಬೇಡಿ. ಮೂತಿ ಭಾರವಾದರೆ, ಥ್ರಾಟಲ್ (ಮೋಟರ್ ವೇಗದ ನಿಯಂತ್ರಣ) ಪೂರ್ತಿ ಮುಚ್ಚಿದ ತಕ್ಷಣ ಬಾಲಕ್ಕೆ ಪ್ರೊಪೆಲ್ಲರ್ ಗಾಳಿ ತಪ್ಪಿ ಎಲಿವೇಟರ್ ಸೋಲುತ್ತೆ, ಮುಂದಿನ ಚಕ್ರ ಮೊದಲು ಬಡಿದು ಕಪ್ಪೆಯ ಹಾಗೆ ಕುಪ್ಪಳಿಸುತ್ತೆ. ನಾಲ್ಕು ಸೀಟಿನ ನಿಜವಾದ ವಿಮಾನ ಸೆಸ್ನಾ 172ರಲ್ಲೂ ಮುಂದೆ ಇಬ್ಬರೇ ಕೂತು ಪೂರ್ತಿ ಫ್ಲಾಪ್ (ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ) ಇಳಿಸಿದಾಗ ಫ್ಲೇರ್‌ಗೆ, ಅಂದರೆ ನೆಲ ಮುಟ್ಟುವ ಮುಂಚೆ ಮೂತಿ ಎತ್ತಲು, ಹೆಚ್ಚು ಬಲ ಹಾಕಿ ಎಳೆಯಬೇಕಾಗುತ್ತೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಮುಂದಿನ ಚಕ್ರ ಇಟ್ಟು, ವಿಮಾನ ಮಟ್ಟವಾಗಿರುವಂತೆ ಹಿಂದಿನ ಚಕ್ರಗಳಿಗೆ ಅಷ್ಟೇ ಎತ್ತರದ ಹಲಗೆ ಕೊಡಿ. 2400 ಗ್ರಾಂನಲ್ಲಿ 300 ಗ್ರಾಂ ತೋರಿಸಿ, ಚಕ್ರಗಳ ಅಂತರ 320 ಮಿ.ಮೀ. ಇದ್ದರೆ, ಸಿ.ಜಿ. ಹಿಂದಿನ ಚಕ್ರಗಳಿಗಿಂತ 40 ಮಿ.ಮೀ. ಮುಂದಿದೆ. ಬೆರಳ ಮೇಲೆ ತೂಗುವುದಕ್ಕಿಂತ ಇದು ನಂಬಿಕಸ್ಥ.

ಎಡ-ಬಲವನ್ನೂ ನೋಡಿ. ಒಂದು ರೆಕ್ಕೆ ಭಾರವಿದ್ದರೆ ವೇಗದಲ್ಲಿ ಐಲೆರಾನ್ (ರೆಕ್ಕೆ ಓರೆ ಮಾಡುವ ಪಟ್ಟಿ) ಟ್ರಿಮ್, ಅಂದರೆ ಅದಕ್ಕೆ ಕೊಟ್ಟ ಕಾಯಂ ಓರೆ, ಅದನ್ನು ಮುಚ್ಚಿಹಾಕುತ್ತೆ, ನಿಧಾನವಾದಾಗ ಅದೇ ರೆಕ್ಕೆ ಕುಸಿಯುತ್ತೆ. ಪಟ್ಟಿಗೆ ಡಬಲ್ ಟೇಪ್ ಬೇಡ, ಬಿಸಿಲಿಗೆ ಬಿಡುತ್ತೆ. ಬೋಲ್ಟ್ ಹಾಕಿ, ವಿಮಾನ ತಲೆಕೆಳಗೆ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಹಾರಿಸಬೇಡಿ.