ಅಜ್ಜನ ಊರಲ್ಲಿ ಸೇವೆ ಮಾಡಬೇಕು ಅಂತಿದ್ದೇನೆ, ಯಾದಗಿರಿ ಕಡೆಯವರು ದಾರಿ ಹೇಳಿ

ಕೃಷ್ಣಾತೀರ

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಟೊರೊಂಟೊದಲ್ಲಿ. ಅಪ್ಪ ಅಮ್ಮ ಇಬ್ಬರದೂ ಸುರಪುರ ತಾಲೂಕು. ಎರಡನೇ ಕ್ಲಾಸಿನವರೆಗೆ ಅಲ್ಲೇ ಓದಿದ್ದು, ಆಮೇಲೆ ಇಲ್ಲಿಗೆ ಬಂದೆವು. ಮನೆಯಲ್ಲಿ ಈಗಲೂ ಕನ್ನಡವೇ, ಓದು ಬರಹ ಮರೆಯದ ಹಾಗೆ ಅಮ್ಮ ನೋಡಿಕೊಂಡರು. ಈಗ ಕೆನಡಾ ಪಾಸ್‌ಪೋರ್ಟ್, ಜೊತೆಗೆ ಓಸಿಐ ಕಾರ್ಡ್ (ವಿದೇಶಿ ಪೌರತ್ವ ಇರುವ ಭಾರತೀಯ ಮೂಲದವರಿಗೆ ಕೊಡುವುದು) ಇದೆ. ಕೆಲಸ ಒಂದು ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ, ಅಂದರೆ ದಿನವಿಡೀ ಫಾರಂ, ಲೆಕ್ಕ, ವಿಮೆ ಕ್ಲೇಮು.

ಬರುವ ನವೆಂಬರಿನಿಂದ ಫೆಬ್ರವರಿವರೆಗೆ ಸಂಬಳವಿಲ್ಲದ ರಜೆ ಸಿಕ್ಕಿದೆ. ಅಷ್ಟೂ ದಿನ ಅಜ್ಜನ ಊರಲ್ಲಿದ್ದು ಬಡ ಮಕ್ಕಳಿಗೆ ಏನಾದರೂ ಮಾಡಬೇಕು ಅನ್ನೋದು ತುಂಬಾ ವರ್ಷದ ಆಸೆ. ಚಿಕ್ಕವಳಿದ್ದಾಗ ರಜೆಗೆ ಊರಿಗೆ ಹೋದರೆ ಕೇರಿಯ ಒಬ್ಬ ಹುಡುಗಿ ನನ್ನ ಜೊತೆ ಆಡಲು ಬರುತ್ತಿದ್ದಳು. ಒಂದು ಸಲ ಹೋದಾಗ ಅವಳಿರಲಿಲ್ಲ. ಪುಣೆಗೆ ಗುಳೆ ಹೋಗಿದ್ದಾರೆ ಅಂದರು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಹತ್ತಿರ ಇತ್ತು, ಇಡೀ ರಾಜ್ಯದ್ದು ಶೇ 75. ಆ ಅಂಕಿ ಎಲ್ಲಿ ಕಂಡರೂ ನನಗೆ ಅವಳೇ ನೆನಪಾಗುತ್ತಾಳೆ.

ನನ್ನ ಯೋಚನೆ ಹೀಗಿದೆ. ಬೆಳಗ್ಗೆ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದು, ಸಂಜೆ ನಮ್ಮ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಉಚಿತ ಟ್ಯೂಷನ್, ಆಮೇಲೆ ಇಲ್ಲಿನ ಗೆಳೆಯರಿಂದ ಹಣ ಕೂಡಿಸಿ ಶಾಲೆಗೆ ನಾಲ್ಕೈದು ಕಂಪ್ಯೂಟರ್ ಕೊಡಿಸುವುದು. ಇದು ಸರಿಯಾದ ದಾರಿನಾ? ಯಾರ ಪರವಾನಗಿ ಬೇಕು? ಅಲ್ಲಿದ್ದು ಕೆಲಸ ಮಾಡಿದವರು ಬಿಚ್ಚು ಮನಸ್ಸಿನಿಂದ ಹೇಳಿ, ಬೇಜಾರಾಗುವುದಿಲ್ಲ.

ಕರಿಹಲಗೆ

ನಾನು ಅದೇ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರು. ನಿಮ್ಮ ಮನಸ್ಸು ದೊಡ್ಡದು ಮೇಡಂ, ಅದಕ್ಕೇ ನೇರವಾಗಿ ಹೇಳುತ್ತೇನೆ.

ಮೊದಲು ಕಾಲದ ಮಾತು. ನೀವು ಬರುವ ತಿಂಗಳುಗಳಲ್ಲೇ ನಮ್ಮ ಕ್ಲಾಸುಗಳು ಖಾಲಿಯಾಗುವುದು. ಹತ್ತಿ ಬಿಡಿಸುವ ಹೊತ್ತು, ಅದಾದ ಮೇಲೆ ತೊಗರಿ ರಾಶಿ. ರಾಶಿ ಮುಗಿಯುತ್ತಿದ್ದಂತೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಅಂತ ಕುಟುಂಬಕ್ಕೆ ಕುಟುಂಬವೇ ಬಸ್ಸು ಹತ್ತುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಮಗು ಇರುವುದಿಲ್ಲ. ಯಾವ ಮಕ್ಕಳಿಗಾಗಿ ನೀವು ಅಷ್ಟು ದೂರದಿಂದ ಬರುತ್ತೀರೋ ಅವರೇ ಊರಲ್ಲಿ ಇರುವುದಿಲ್ಲ, ಉಳಿಯುವುದು ಸ್ವಲ್ಪ ಅನುಕೂಲ ಇರುವ ಮನೆಯ ಮಕ್ಕಳು. ಗುಳೆ ಹೋಗುವವರ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಇಲಾಖೆಯಿಂದ ಹಂಗಾಮಿ ಹಾಸ್ಟೆಲ್ ಅಂತ ಮಾಡುತ್ತಾರೆ. ಈ ಸಲ ಎಲ್ಲೆಲ್ಲಿ ತೆರೆಯುತ್ತಾರೆ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ವಿಚಾರಿಸಿ. ಅಲ್ಲಿ ರಾತ್ರಿ ಹೊತ್ತು ಮಕ್ಕಳ ಜೊತೆ ಕೂತು ಓದಿಸುವ ಜನ ನಿಜಕ್ಕೂ ಬೇಕು.

ಇಂಗ್ಲಿಷ್ ಬಗ್ಗೆ. ಒಂದರಿಂದ ಮೂರನೇ ತರಗತಿವರೆಗೆ ನಮ್ಮಲ್ಲಿ ನಲಿ-ಕಲಿ. ಕಾರ್ಡು, ಮೆಟ್ಟಿಲು, ಗುಂಪು ಅಂತ ಒಂದು ಕ್ರಮದಲ್ಲಿ ನಡೆಯುತ್ತದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ಕಡೆ ಶಿಕ್ಷಕರೇ ಶುರು ಮಾಡಿದ ಪದ್ಧತಿ ಇದು. ನಡುವೆ ಹೊರಗಿನವರು ಬಂದು ಬೇರೆ ಪಾಠ ಶುರು ಮಾಡಿದರೆ ಮಕ್ಕಳಿಗೆ ಖುಷಿಯೇ, ಆದರೆ ಮೆಟ್ಟಿಲು ತಪ್ಪುತ್ತದೆ. ನೀವು ಹೋದ ಮೇಲೆ ಅದನ್ನು ಸರಿ ಮಾಡಲು ನಮಗೆ ವಾರಗಟ್ಟಲೆ ಬೇಕು. ನಾಲ್ಕು, ಐದನೇ ತರಗತಿಗೆ ಬಂದರೂ ಕನ್ನಡದಲ್ಲೇ ಒಂದು ಪ್ಯಾರಾ ತಡವರಿಸದೆ ಓದಲು ಆಗದ ಮಕ್ಕಳಿದ್ದಾರೆ. ಅವರ ಪಕ್ಕದಲ್ಲಿ ಕೂತು ಕತೆ ಪುಸ್ತಕ ಓದಿಸಿ ಸಾಕು, ನಿಮಗೆ ಕನ್ನಡ ಚೆನ್ನಾಗಿ ಬರುತ್ತದಲ್ವಾ. ಇದಕ್ಕೆ ಶಾಲೆಗಿಂತ ಗ್ರಾಮ ಪಂಚಾಯಿತಿ ಗ್ರಂಥಾಲಯ ಒಳ್ಳೆಯ ಜಾಗ. ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ "ಓದುವ ಬೆಳಕು" ಬಂದ ಮೇಲೆ ಆರರಿಂದ ಹದಿನೆಂಟು ವಯಸ್ಸಿನ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮೇಲ್ವಿಚಾರಕರು ಒಬ್ಬರೇ ಇರುತ್ತಾರೆ, ಸಂಜೆ ಇನ್ನೊಬ್ಬರು ಜೊತೆಗಿದ್ದರೆ ಅವರಿಗೂ ಹುರುಪು.

ಶಾಲೆಗೇ ಬರುವುದಾದರೆ ಮುಖ್ಯ ಗುರುಗಳಿಗೆ ಅರ್ಜಿ ಕೊಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಪ್ಪಿಗೆ ಆಗಲಿ, ಬಿಇಒ ಅವರಿಂದ ಪತ್ರ ತೊಗೊಳ್ಳಿ. ಬಾಯಿ ಮಾತಿನ ಒಪ್ಪಿಗೆ ಮೇಲೆ ಬರಬೇಡಿ. ಮಕ್ಕಳ ಫೋಟೊ ತೆಗೆದು ಹಾಕುವುದಂತೂ ಬೇಡವೇ ಬೇಡ.

ಲೆಕ್ಕಪತ್ರ

ಹಣದ ವಿಷಯಕ್ಕೆ ಮಾತ್ರ ನನ್ನ ಉತ್ತರ. ನಿಮ್ಮದು ಕೆನಡಾ ಪೌರತ್ವ. ಓಸಿಐ ಕಾರ್ಡ್ ಇದ್ದರೂ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಲೆಕ್ಕದಲ್ಲಿ ನೀವು ಕೊಡುವುದು ವಿದೇಶಿ ದೇಣಿಗೆ. ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿಗಳು ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಊರಿನ ಯುವಕ ಸಂಘದ ಖಾತೆಗೆ ಹಣ ಹಾಕಿಬಿಡುತ್ತಾರೆ, ಆಮೇಲೆ ತೊಂದರೆ ಆಗುವುದು ಸಂಘದ ಹುಡುಗರಿಗೆ. ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೇ ಕೊಡಬೇಕು. 2021ರ ಏಪ್ರಿಲ್‌ನಿಂದ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. 2020ರ ತಿದ್ದುಪಡಿ ಆದ ಮೇಲೆ ದೊಡ್ಡ ಸಂಸ್ಥೆ ಹಣ ತೊಗೊಂಡು ಸಣ್ಣ ಸಂಸ್ಥೆಗೆ ಹಂಚುವುದೂ ಇಲ್ಲ. ವಸ್ತುವಿನ ರೂಪದಲ್ಲಿ ಕೊಡುವುದೂ ದೇಣಿಗೆಯೇ, ಹಾಗಾಗಿ ಕಂಪ್ಯೂಟರ್ ಯೋಚನೆ ಸದ್ಯಕ್ಕೆ ಪಕ್ಕಕ್ಕಿಡಿ.

ಇನ್ನೊಂದು. 2021ರ ಮಾರ್ಚ್ ಅಧಿಸೂಚನೆ ಪ್ರಕಾರ ಓಸಿಐ ಇರುವವರು ಸಂಶೋಧನೆ, ಪತ್ರಿಕಾ ಕೆಲಸ, ಧರ್ಮಪ್ರಚಾರಕ್ಕೆ ಮೊದಲೇ ವಿಶೇಷ ಅನುಮತಿ ಪಡೆಯಬೇಕು. ಮಕ್ಕಳಿಗೆ ಓದಿಸುವುದು ಬೇರೆ. ಆದರೆ ಯಾವುದೋ ಕೋರ್ಸಿಗೆ ಅಂತ ಮನೆ ಮನೆ ಸಮೀಕ್ಷೆ ಮಾಡುವ ಆಲೋಚನೆ ಇದ್ದರೆ ಮೊದಲು ಅನುಮತಿ, ಆಮೇಲೆ ಪ್ರಶ್ನೆಪತ್ರ.

ಹೊಲದ ಬದು

ತಂಗಿ, ನಾನು ಆ ಕಡೆಯ ಒಂದು ಕೇರಿಯವನು. ಈಗ ಬೆಂಗಳೂರಲ್ಲಿ ಕೆಲಸ. ಮೇಲೆ ಬರೆದವರು ಹೇಳಿದ್ದೆಲ್ಲ ಸರಿ, ಆದರೆ ಮುಖ್ಯವಾದದ್ದನ್ನು ಯಾರೂ ಹೇಳಲಿಲ್ಲ.

ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಟ್ಯೂಷನ್ ಅಂತ ಬರೆದಿದ್ದೀರಿ. ಕೇರಿಯ ಮಕ್ಕಳು ಆ ಪಡಸಾಲೆ ಹತ್ತುತ್ತಾರಾ? ನಿಮ್ಮ ಜೊತೆ ಆಡುತ್ತಿದ್ದ ಆ ಹುಡುಗಿ ಹೊಸ್ತಿಲು ದಾಟಿ ಒಳಗೆ ಬರುತ್ತಿದ್ದಳಾ, ಅಂಗಳದಲ್ಲೇ ಇರುತ್ತಿದ್ದಳಾ? ನಿಮ್ಮನ್ನು ಚುಚ್ಚಲು ಕೇಳುತ್ತಿಲ್ಲ. ನೀವು ಊರಿಗೆ ಬಂದರೆ ಸ್ವಯಂಸೇವಕಿ ಆಗಿ ಬಂದ ಹಾಗೆ ನಮ್ಮ ಜನಕ್ಕೆ ಕಾಣುವುದಿಲ್ಲ, ದೊಡ್ಡ ಮನೆಯ ಮೊಮ್ಮಗಳು ಬಂದ ಹಾಗೆ ಕಾಣುತ್ತದೆ. ನಮ್ಮವ್ವನನ್ನೇ ತೊಗೊಳ್ಳಿ. ಅವಳು ಆಡುವ ಮಾತು ಒಂದೊಂದು ಕಡೆ ಒಂದೊಂದು ಥರ. ಹೊಲದ ಯಜಮಾನರ ಮನೆಯವರು ಎದುರಿಗಿದ್ದರೆ "ಎಲ್ಲಾ ಚಲೋ ಐತ್ರಿ" ಅಂತಾಳೆ. ಕೂಲಿ ಬಾಕಿ ಇದ್ದರೂ ಹಾಗೇ, ಮೊಮ್ಮಗ ಶಾಲೆ ಬಿಟ್ಟು ಕುರಿ ಕಾಯುತ್ತಿದ್ದರೂ ಹಾಗೇ. ನೀವು ಎಷ್ಟು ಒಳ್ಳೆಯವರಾದರೂ ನಿಮಗೆ ಆ ಊರಲ್ಲಿ ನಿಜ ಕೇಳಿಸುವುದು ಕಷ್ಟ. ಅದಕ್ಕೇ ನನ್ನ ಸಲಹೆ: ಕೆಲಸ ಮಾಡುವುದಾದರೆ ನಿಮ್ಮ ಮನೆತನದ ಪರಿಚಯವೇ ಇಲ್ಲದ ಇನ್ನೊಂದು ತಾಲೂಕಿಗೆ ಹೋಗಿ. ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರ ಕೈಕೆಳಗೆ ಇರಿ.

ಅಜ್ಜನ ಊರಲ್ಲೂ ನೀವು ಮಾಡಬೇಕಾದ ಒಂದು ಕೆಲಸ ಇದೆ, ಅದನ್ನು ನೀವೇ ಮಾಡಬೇಕು, ಬೇರೆ ಯಾರಿಂದಲೂ ಆಗದು. ನಿಮ್ಮ ಹೊಲ ಈಗ ಯಾರು ಉಳುತ್ತಿದ್ದಾರೆ ಕೇಳಿ. ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದರೆ ಅದು ಬಾಯಿ ಮಾತಿನದೇ ಆಗಿರುತ್ತದೆ, ಯಾಕೆಂದರೆ 1974ರಿಂದ ಈಚೆಗೆ ಗೇಣಿಗೆ ಕಾನೂನಿನಲ್ಲಿ ಹೆಚ್ಚುಕಡಿಮೆ ಜಾಗವೇ ಇಲ್ಲ, ಅದಕ್ಕೆ ಯಾರೂ ಕಾಗದ ಮಾಡುವುದಿಲ್ಲ. ಬೀಜ, ಗೊಬ್ಬರ, ಕೀಟನಾಶಕ, ಸಾಲ ಎಲ್ಲಾ ಉಳುವವನದು. ಮಳೆ ಹೆಚ್ಚಾಗಿ ತೊಗರಿ ಕೊಳೆತರೆ ಬೆಳೆ ಪರಿಹಾರ ಬರುವುದು ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಬೆಳೆ ಕಳಕೊಂಡವನು ಒಬ್ಬ, ದುಡ್ಡು ಹೋಗುವುದು ಇನ್ನೊಬ್ಬನಿಗೆ. ನಮ್ಮಪ್ಪ ಹೀಗೆ ಸಾಲಕ್ಕೆ ಬಿದ್ದೇ ನಾವು ಗುಳೆ ಹೋದದ್ದು, ನನ್ನ ಆರನೇ ಕ್ಲಾಸು ಅರ್ಧಕ್ಕೆ ನಿಂತದ್ದು. ಮಕ್ಕಳು ಶಾಲೆಯಿಂದ ಯಾಕೆ ಮಾಯವಾಗುತ್ತಾರೆ ಅಂತ ಹುಡುಕುತ್ತಾ ಹೋದರೆ ನೀವು ಎಷ್ಟೋ ಸಲ ಇಂಥ ಹೊಲಕ್ಕೇ ಬಂದು ನಿಲ್ಲುತ್ತೀರಿ.

ಕೃಷ್ಣಾತೀರ

ಅಣ್ಣಾ, ನಿಮ್ಮ ಮಾತು ಓದಿ ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ. ನಮ್ಮ ಹೊಲ ಲಾವಣಿಗೇ ಇದೆಯಂತೆ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಪರಿಹಾರ ಬಂದಾಗ ಏನು ಮಾಡುತ್ತೀರಿ ಅಂತ ಕೇಳಿದರೆ ಅಪ್ಪ ಸುಮ್ಮನಾದರು, ಆಮೇಲೆ "ದೊಡ್ಡಪ್ಪನನ್ನು ಕೇಳಬೇಕು" ಅಂದರು. ಕೇಳಿಯೇ ಕೇಳುತ್ತೇನೆ. ನೀವು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ: ಅವಳು ಅಂಗಳದಲ್ಲೇ ಇರುತ್ತಿದ್ದಳು.

ಹಾಗಾದರೆ ಶಾಲೆ, ಟ್ಯೂಷನ್ ಬಿಟ್ಟರೆ ನನ್ನಂಥವಳಿಂದ ಬೇರೆ ಯಾವ ಕೆಲಸ ಆಗಬಹುದು? ನನಗೆ ಗೊತ್ತಿರುವುದು ಫಾರಂ ತುಂಬುವುದು, ತಪ್ಪು ಹುಡುಕುವುದು, ಫೋನ್ ಹಿಡಿದು ಬೆನ್ನು ಬೀಳುವುದು ಇಷ್ಟೇ.

ತಾಂಡಾ ದಾರಿ

ಅಯ್ಯೋ ಮೇಡಂ, ಅದೇ ನಮಗೆ ಬೇಕಾದದ್ದು! ನಾನು ಪಕ್ಕದ ಜಿಲ್ಲೆಯಲ್ಲಿ ಒಂದು ಸಣ್ಣ ಟ್ರಸ್ಟಿನಲ್ಲಿದ್ದೇನೆ, ತಾಂಡಾಗಳಲ್ಲಿ, ಅಂದರೆ ಲಂಬಾಣಿ ಜನರ ಊರುಗಳಲ್ಲಿ ಕೆಲಸ. ನಮ್ಮ ದಿನದ ಮುಕ್ಕಾಲು ಪಾಲು ಹೋಗುವುದು ಕಾಗದಕ್ಕೆ.

ಒಂದು ಉದಾಹರಣೆ ಹೇಳುತ್ತೇನೆ. ಮೊನ್ನೆ ಒಬ್ಬ ಅಜ್ಜಿ ಬಂದರು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿದರು, ಒಳಗೆ ಇನ್ನೊಂದು ಚೀಲ, ಅದರೊಳಗೆ ನಾಲ್ಕು ಮಡಿಕೆ ಆಗಿ ಹರಿದುಹೋಗುತ್ತಿರುವ ಆಧಾರ್, ರೇಷನ್ ಕಾರ್ಡ್, ಎರಡು ಬ್ಯಾಂಕ್ ಪಾಸ್‌ಬುಕ್, ಗಂಡನ ಮರಣ ಪತ್ರದ ಜೆರಾಕ್ಸ್. ಮುಖ ನೋಡಿದರೆ ಎಪ್ಪತ್ತು ದಾಟಿದೆ. ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1, ವಯಸ್ಸು ಐವತ್ತರ ಆಸುಪಾಸು. ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಯ 1,200 ರೂಪಾಯಿ ಸಿಗಲು 65 ಆಗಿರಬೇಕು, ಕಂಪ್ಯೂಟರ್ ಒಪ್ಪುವುದಿಲ್ಲ. ರೇಷನ್ ಕಾರ್ಡ್‌ನಲ್ಲಿ ಹೆಸರು ಒಂಥರ, ಆಧಾರ್‌ನಲ್ಲಿ ಇನ್ನೊಂಥರ. ಗೃಹಲಕ್ಷ್ಮಿಯ 2,000 ಎಲ್ಲಿ ಹೋಗುತ್ತಿದೆ ಅಂತ ಹುಡುಕಿದರೆ ಅವರೇ ಮರೆತಿದ್ದ ಹಳೆಯ ಖಾತೆಗೆ ಆಧಾರ್ ಜೋಡಣೆ ಆಗಿತ್ತು. ಆ ಒಂದು ಕೇಸಿಗೆ ನಾಡಕಚೇರಿ, ಬ್ಯಾಂಕು, ಆಧಾರ್ ಕೇಂದ್ರ ಅಂತ ವಾರ ಓಡಾಡಿದೆವು. ಕಲ್ಲು, ಇಟ್ಟಿಗೆ ಹೊತ್ತು ಬೆರಳಿನ ಗೆರೆ ಸವೆದವರದ್ದು ಇನ್ನೊಂದು ಗೋಳು, ರೇಷನ್ ಅಂಗಡಿಯ ಯಂತ್ರ ಹೆಬ್ಬೆಟ್ಟು ತೊಗೊಳ್ಳುವುದೇ ಇಲ್ಲ.

ಹಳೆಯ ತಾಂಡಾಗಳಲ್ಲಿ ಮನೆ ಜಾಗಕ್ಕೇ ದಾಖಲೆ ಇರಲಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ತುಂಬಾ ದೊಡ್ಡ ಕೆಲಸ ಆಯಿತು ಅದು. ಹಾಗಂತ ಓಡಾಟ ಮುಗಿಯಲಿಲ್ಲ, ಹೆಸರು ತಪ್ಪಾದದ್ದು, ಗುಳೆ ಹೋಗಿದ್ದಕ್ಕೆ ಕೈಬಿಟ್ಟದ್ದು, ಎಲ್ಲಾ ಹಾಗೇ ಇವೆ. ಇದಕ್ಕೆ ದೊಡ್ಡ ಓದು ಬೇಡ, ತಾಳ್ಮೆ ಬೇಕು, ಕೌಂಟರಿನಲ್ಲಿ "ನಾಳೆ ಬಾ" ಅಂದರೆ ನಾಳೆ ಮತ್ತೆ ಹೋಗುವ ಜನ ಬೇಕು.

ನಿಮ್ಮ ರಜೆ ಮುಗಿದ ಮೇಲೂ ಮಾಡಬಹುದಾದ ಒಂದು ಕೆಲಸ ಇದೆ, ನಮ್ಮಂಥ ಸಣ್ಣ ಟ್ರಸ್ಟುಗಳ ಲೆಕ್ಕ. ಎಫ್‌ಸಿ-4 ಅಂದರೆ ವಿದೇಶಿ ದೇಣಿಗೆಯ ವಾರ್ಷಿಕ ವಿವರ ಡಿಸೆಂಬರ್ 31ರೊಳಗೆ ಹೋಗಬೇಕು. ನಮ್ಮಲ್ಲಿ ತಾಂಡಾ ಸುತ್ತುವ ಹುಡುಗಿಯರೇ ರಾತ್ರಿ ಕೂತು ವೋಚರ್ ಜೋಡಿಸುತ್ತಾರೆ. ಅವರನ್ನು ಆ ಕೆಲಸದಿಂದ ಬಿಡಿಸಿದರೆ ಅಷ್ಟು ಹೊತ್ತು ಜನರ ಜೊತೆ ಇರುತ್ತಾರೆ.

ಕರಿಹಲಗೆ

ಇದು ಒಪ್ಪುವ ಮಾತು. ಒಂದು ವಿಷಯದಲ್ಲಿ ಮಾತ್ರ ಹೊಲದ ಬದು ಅವರ ಜೊತೆ ನನ್ನ ಸಣ್ಣ ಭಿನ್ನಾಭಿಪ್ರಾಯ. ಅಜ್ಜನ ಊರನ್ನು ಪೂರ್ತಿ ಬಿಟ್ಟು ಹೋಗಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿನ ಅರಿವು ಕೇಂದ್ರ ಸಾಮಾನ್ಯವಾಗಿ ಪಂಚಾಯಿತಿ ಜಾಗದಲ್ಲಿ ಇರುತ್ತದೆ, ಯಾರ ಮನೆಯ ಪಡಸಾಲೆಯೂ ಅಲ್ಲ. ವಾರಕ್ಕೊಮ್ಮೆ ಅಲ್ಲಿ ಹೋಗಿ ಮಕ್ಕಳ ಪಕ್ಕ ನೆಲದ ಮೇಲೆ ಕೂತು ಓದಲಿ. ದೊಡ್ಡ ಮನೆಯ ಹುಡುಗಿ ಎಲ್ಲರ ಜೊತೆ ಒಂದೇ ಚಾಪೆಯಲ್ಲಿ ಕೂರುವುದನ್ನು ಊರಿನ ದೊಡ್ಡವರೂ ನೋಡಲಿ.

ಹೊಲದ ಬದು

ಹಾಗಾದರೆ ನನ್ನ ತಕರಾರಿಲ್ಲ ಸರ್. ತಂಗಿ, ದೊಡ್ಡಪ್ಪನ ಜೊತೆ ಮಾತಾಡುವಾಗ ಉಳುವವರನ್ನು ಎದುರಿಗೆ ಕರೆಸಬೇಡಿ. ಅವರೇ ನಿಮಗೆ ದೂರು ಹೇಳಿದರು ಅಂತಾದರೆ ಮುಂದಿನ ವರ್ಷ ಹೊಲ ಕೈತಪ್ಪುತ್ತದೆ. ಮನೆಯೊಳಗಿನ ಮಾತಾಗಿಯೇ ಎತ್ತಿ. ಪರಿಹಾರದ ಹಣ ಬಂದರೆ ಉಳುವವರಿಗೆ ಸೇರಬೇಕು, ಲಾವಣಿ ಹಣ ಬೆಳೆ ಹಾಳಾದ ವರ್ಷ ಕಡಿಮೆ ಆಗಬೇಕು ಅಂತ ನಿಮ್ಮ ಅಪ್ಪನಿಂದಲೇ ಹೇಳಿಸಿ.

ಕೃಷ್ಣಾತೀರ

ಸರಿ ಅಣ್ಣಾ, ಅಪ್ಪನೇ ಮಾತಾಡುತ್ತೇನೆ ಅಂದಿದ್ದಾರೆ. ಟಿಕೆಟ್ ದಿನ ಬದಲಾಯಿಸಿ ಅಕ್ಟೋಬರ್ ಕೊನೆಗೇ ಬರಲು ನೋಡುತ್ತಿದ್ದೇನೆ, ಜನ ಗುಳೆ ಹೋಗುವ ಮುಂಚೆ ಕಾಗದದ ಕೆಲಸ ಆದಷ್ಟು ಆಗಲಿ. ತಾಂಡಾ ದಾರಿ ಅಕ್ಕಾ, ಉಳಿದುಕೊಳ್ಳಲು ದುಬಾರಿ ಜಾಗ ಬೇಡ, ನಿಮ್ಮ ಕಾರ್ಯಕರ್ತೆಯರು ಇರುವಲ್ಲೇ ಇರುತ್ತೇನೆ. ಯಾವ ಯೋಜನೆಗೆ ಯಾವ ದಾಖಲೆ ಬೇಕು ಅಂತ ನಿಮ್ಮ ಹತ್ತಿರ ಪಟ್ಟಿ ಇದ್ದರೆ ಈಗಲೇ ಕಳಿಸಿ, ಇಲ್ಲಿಂದಲೇ ಓದಿಕೊಂಡು ಬರುತ್ತೇನೆ.

ತಾಂಡಾ ದಾರಿ

ಕಳಿಸುತ್ತೇನೆ. ಜೊತೆಗೆ ಲಂಬಾಣಿ ಮಾತು ನಾಲ್ಕು ಕಲಿತುಕೊಂಡು ಬನ್ನಿ, ವಯಸ್ಸಾದ ಹೆಂಗಸರಲ್ಲಿ ಹಲವರಿಗೆ ಕನ್ನಡ ಅಷ್ಟಕ್ಕಷ್ಟೇ. ನಮ್ಮ ಹುಡುಗಿಯರು ವಾಯ್ಸ್ ಮೆಸೇಜಿನಲ್ಲಿ ಹೇಳಿಕೊಡುತ್ತಾರೆ.