ಪ್ರಶ್ನೋತ್ತರ: ಕ್ಲಿನಿಕ್ ಪೋಸ್ಟಿಂಗಿಗೆ ಹೊರಟ ವಾಕ್-ಶ್ರವಣ ವಿದ್ಯಾರ್ಥಿಗಳಿಗೆ

ಅಡ್ಮಿನ್: ವೃತ್ತಿನೀತಿಯ ಬಗ್ಗೆ ಕೇಳಿ, ಆಡಿಯಾಲಜಿಸ್ಟ್ ಮೇಡಂ ಉತ್ತರಿಸುತ್ತಾರೆ. ರೋಗಿಯ ಗುರುತು ಸಿಗುವಂಥದ್ದೇನೂ ಹಾಕಬೇಡಿ.

ಎರಡನೇ ವರ್ಷ: ಮೇಡಂ, ನನ್ನ ಥೆರಪಿ ಮಗು ಮೊದಲ ಸಲ ಎರಡು ಪದ ಸೇರಿಸಿ ಮಾತಾಡ್ತು. ಮುಖ ಕಾಣದ ಹಾಗೆ ವಿಡಿಯೋ ಸ್ಟೇಟಸ್‌ಗೆ ಹಾಕಬಹುದಾ? ಅಮ್ಮ ಸರಿ ಅಂದಿದ್ದಾರೆ.

ಮೇಡಂ: ಹಾಕಬೇಡಿ. ದನಿಯಿಂದಲೇ ಗುರುತು ಸಿಗುತ್ತೆ, ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಿರ್ತಾರೆ. ಥೆರಪಿ ಕೊಡುವವರು ಕೇಳಿದಾಗ ಬೇಡ ಅನ್ನೋದು ತಾಯಿಗೆ ಕಷ್ಟ, ಹಾಗಾಗಿ ಬಾಯಿಮಾತಿನ ಒಪ್ಪಿಗೆ ಸಾಲದು. ರೆಕಾರ್ಡಿಂಗ್ ಬೇಕಿದ್ದರೆ ಯಾವುದಕ್ಕೆ, ಯಾರು ನೋಡ್ತಾರೆ, ಯಾವಾಗ ಅಳಿಸ್ತೀರಿ ಅಂತ ಬರೆದು ಸಹಿ ತಗೊಳ್ಳಿ. ಕ್ಲಿನಿಕ್ಕಿನ ಸಾಧನದಲ್ಲಿ ಮಾಡಿ, ನಿಮ್ಮ ಫೋನಲ್ಲಿ ಬೇಡ.

ಮೂರನೇ ವರ್ಷ: ಮುಖಕ್ಕೆ ಸ್ಟಿಕ್ಕರ್ ಹಾಕಿದ್ರೆ?

ಮೇಡಂ: ಮೇಲೆ ಹೇಳಿದೆ. ಬೇಡ.

ಇಂಟರ್ನ್: ಮೇಡಂ, ನಿನ್ನೆಯ ಕೇಸ್. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಎದ್ದಾಗ ಬಲಗಿವಿ ಮುಚ್ಚಿಕೊಂಡ ಹಾಗೆ, ಜೊತೆಗೆ ಗುಂಯ್ ಸದ್ದು. ಏರ್ ಕಂಡಕ್ಷನ್ (ಹೆಡ್‌ಫೋನಲ್ಲಿ ಕೇಳಿಸಿದ ಅತಿ ಸಣ್ಣ ಸದ್ದು) ಎಡಕ್ಕೆ 10, ಬಲಕ್ಕೆ 60 ಡಿಬಿ. ಬೋನ್ (ಮೂಳೆಗೆ ವೈಬ್ರೇಟರ್ ಇಟ್ಟು ನೋಡಿದ್ದು) ಎರಡೂ ಕಡೆ 10. ಟಿಂಪನೋಗ್ರಾಂ (ಕಿವಿತಮಟೆ, ನಡುಗಿವಿಯ ಪರೀಕ್ಷೆ) ಎರಡೂ ಎ ಟೈಪ್, ಅಂದ್ರೆ ನಾರ್ಮಲ್. ಕ್ಯೂ ಉದ್ದ ಇತ್ತು. ಸೂಪರ್‌ವೈಸರ್ "ಮಾಸ್ಕಿಂಗ್ (ಆಚೆ ಕಿವಿ ಕೇಳಿಸಿಕೊಳ್ಳದ ಹಾಗೆ ಅದಕ್ಕೆ ನಾಯ್ಸ್ ಕೊಡೋದು) ಬೇಡ, ಬಲಗಡೆ ಕಂಡಕ್ಟಿವ್ (ಹೊರಗಿವಿ, ನಡುಗಿವಿಯ ತೊಂದರೆ) ಅಂತ ಬರಿ" ಅಂದ್ರು. ನಾನು ಬರೆದೆ, ಅವರು ಸೈನ್ ಮಾಡಿದ್ರು. ವೆಬರ್ (ಹಣೆಗೆ ಶ್ರುತಿಕವೆ ಇಟ್ಟು ಸದ್ದು ಯಾವ ಕಿವಿಗೆ ಕೇಳುತ್ತೆ ಅಂತ ನೋಡೋದು) ಎಡಕ್ಕೆ ಹೋಗಿತ್ತು. ಅದೇ ತಲೆ ಕೊರೀತಿದೆ.

ಮೇಡಂ: ಮಿಕ್ಕವರು ಸ್ವಲ್ಪ ಕಾಯಿರಿ, ಇದು ಇವತ್ತೇ ಆಗಬೇಕಾದ ಕೆಲಸ.

ಬಲಗಿವಿಯ 60 ಬಹುಶಃ ಬಲಗಿವಿಯದ್ದೇ ಅಲ್ಲ. ಸಾಮಾನ್ಯ ಹೆಡ್‌ಫೋನಲ್ಲಿ 40 ಡಿಬಿ ದಾಟಿದರೆ ಸದ್ದು ತಲೆಬುರುಡೆಯ ಮೂಲಕ ಆಚೆ ಕಿವಿಗೆ ಹೋಗಬಹುದು. ನಿಮ್ಮಲ್ಲಿ ಬಲದ ಏರ್‌ಗೂ ಎಡದ ಬೋನ್‌ಗೂ 50ರ ಅಂತರ. ಬೋನ್ ಅಂತೂ ಯಾವ ಕಡೆ ವೈಬ್ರೇಟರ್ ಇಟ್ಟರೂ ಎರಡೂ ಒಳಗಿವಿ ಅದುರುತ್ತೆ, ಬಲದ 10 ಅಂತ ನೀವು ಬರೆದದ್ದನ್ನ ಎಡಗಿವಿ ಕೇಳಿಸಿಕೊಂಡಿರಬಹುದು. ನಿಜವಾಗಿ ಬಲಕ್ಕೆ ಕಂಡಕ್ಟಿವ್ ನಷ್ಟವಿದ್ದಿದ್ರೆ ವೆಬರ್ ಬಲಕ್ಕೆ ಹೋಗಬೇಕಿತ್ತು. ಎಡಕ್ಕೆ ಹೋಗಿದೆ, ಮೇಲಿಂದ ಎ ಟೈಪ್. ನೀವು ಬರೆದಿರೋದು ನೆರಳು ಆಡಿಯೋಗ್ರಾಂ, ಅಂದರೆ ಬಲಗಿವಿಯ ಹೆಸರಲ್ಲಿ ಎಡಗಿವಿ ಕೇಳಿದ್ದರ ನಕ್ಷೆ. ಬಲಗಿವಿ ಪೂರ್ತಿ ಹೋಗಿರಲೂಬಹುದು.

ನನಗೆ ಭಯ ಸಮಯದ್ದು. ಹಠಾತ್ ಸೆನ್ಸರಿನ್ಯೂರಲ್ (ಒಳಗಿವಿ ಅಥವಾ ಶ್ರವಣ ನರದ) ನಷ್ಟವಾದರೆ ಇಎನ್‌ಟಿ ವೈದ್ಯರು ಸ್ಟೀರಾಯ್ಡ್ ಶುರುಮಾಡೋದು ಎಷ್ಟು ಬೇಗನೋ ಅಷ್ಟು ಒಳ್ಳೇದು, ಮೊದಲ ಎರಡು ವಾರದ ಒಳಗೇ ಆಗಬೇಕು. ಶ್ರವಣ ನರದ ಗೆಡ್ಡೆ ಇಲ್ಲವೆಂದು ನೋಡಲು ಎಂಆರ್‌ಐ ಕೂಡ ಬೇಕಾಗುತ್ತೆ. "ಕಂಡಕ್ಟಿವ್" ಅನ್ನೋ ಒಂದು ಪದ ನೋಡಿ ಯಾರಾದ್ರೂ ಡ್ರಾಪ್ಸ್ ಕೊಟ್ಟು ಮೂರು ವಾರ ಬಿಟ್ಟು ಬನ್ನಿ ಅಂದರೆ ಆ ಸಮಯ ಕಳೆದೇ ಹೋಗುತ್ತೆ.

ಈಗಲೇ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಆಮೇಲೆ ಅದನ್ನೇ ಬರೆದೂ ಕಳಿಸಿ: "ಮಾಸ್ಕಿಂಗ್ ಇಲ್ಲದೆ ವರದಿ ಹೋಗಿದೆ, ವೆಬರ್ ಹೊಂದುತ್ತಿಲ್ಲ, ರೋಗಿಯನ್ನ ಇವತ್ತು ಕರೆಸಬೇಕು." ತಪ್ಪು ಯಾರದ್ದು ಅನ್ನೋ ಚರ್ಚೆ ಆಮೇಲೆ. ಅವರು ಒಪ್ಪದಿದ್ದರೆ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ. ರೋಗಿ ಬಂದಾಗ ಎಡಕ್ಕೆ ನ್ಯಾರೋ ಬ್ಯಾಂಡ್ ನಾಯ್ಸ್ (ಟೋನಿನ ಸುತ್ತಲಿನ ಕಿರುಪಟ್ಟಿಯ ಸದ್ದು) 20ರಿಂದ ಶುರುಮಾಡಿ, ಅಂದರೆ ಎಡದ ಥ್ರೆಶೋಲ್ಡ್‌ಗೆ (ಕೇಳಿಸುವ ಅತಿ ಸಣ್ಣ ಮಟ್ಟಕ್ಕೆ) 10 ಸೇರಿಸಿ. ಬಲಕ್ಕೆ ಟೋನ್ ಕೇಳಿಸಿದರೆ ನಾಯ್ಸ್ 5 ಏರಿಸಿ, ಕೇಳಿಸದಿದ್ದರೆ ಟೋನ್ 5 ಏರಿಸಿ. ನಾಯ್ಸನ್ನು ಮೂರು ಸಲ ಐದೈದು ಏರಿಸಿದರೂ ಥ್ರೆಶೋಲ್ಡ್ ಕದಲಲಿಲ್ಲ ಅಂದರೆ ಅದೇ ಪ್ಲಾಟೊ, ಬಲಗಿವಿಯ ನಿಜವಾದ ಮಟ್ಟ. ಬೋನ್‌ಗೂ ಮಾಡಿ, ಎಡಗಿವಿ ಹೆಡ್‌ಫೋನಿಂದ ಮುಚ್ಚಿರೋದ್ರಿಂದ 250, 500, 1000 ಹರ್ಟ್ಸ್‌ನಲ್ಲಿ ಅಕ್ಲೂಷನ್ ಪರಿಣಾಮವನ್ನೂ (ಕಿವಿ ಮುಚ್ಚಿದಾಗ ಮೂಳೆಯ ಸದ್ದು ಜೋರಾಗಿ ಕೇಳೋದು) ಸೇರಿಸಬೇಕು.

ಹಳೇ ವರದಿ ಹರೀಬೇಡಿ, ತಿದ್ದಬೇಡಿ. ಹೊಸದಕ್ಕೆ "ಪರಿಷ್ಕೃತ" ಅಂತ ದಿನಾಂಕ, ಕಾರಣ ಹಾಕಿ, ಎರಡೂ ಫೈಲಲ್ಲಿರಲಿ. ಹಳೇ ಪ್ರತಿ ಯಾರ ಕೈ ಸೇರಿದೆಯೋ ಅವರಿಗೂ ತಿಳಿಸಿ.

ಕೊನೇ ವರ್ಷ: ಸೈನ್ ಮಾಡಿದ್ದು ಸೂಪರ್‌ವೈಸರ್ ಅಲ್ವಾ? ಜವಾಬ್ದಾರಿ ಅವರದ್ದು. ಪಾಪ, ಇಂಟರ್ನ್ ಏನು ಮಾಡ್ತಾರೆ.

ಮೇಡಂ: ಸಹಿ ಅವರದ್ದು, ಟೆಸ್ಟ್ ಮಾಡಿದ ಕೈ ಇವರದ್ದು. ಗೊತ್ತಿದ್ದೂ ಸುಮ್ಮನಿರೋಕೆ "ನಾನಿನ್ನೂ ವಿದ್ಯಾರ್ಥಿ" ಅನ್ನೋದು ನೆಪ ಆಗಬಾರದು. "ಮಾಸ್ಕಿಂಗ್ ಇಲ್ಲದೆ ಪಡೆದದ್ದು, ನಷ್ಟದ ವಿಧ ಖಚಿತವಲ್ಲ" ಅಂತ ಒಂದು ಸಾಲು ಬರೆಯೋಕೆ ಯಾರ ಅಪ್ಪಣೆಯೂ ಬೇಡ.

ಪೋಷಕರು: ಕಿವಿ ಮುಚ್ಚಿದ್ರೆ ಬಿಸಿ ಎಣ್ಣೆ ಬಿಟ್ರೆ ಒಂದೇ ರಾತ್ರೀಲಿ ಬಿಡುತ್ತೆ ಅಂತ ಫಾರ್ವರ್ಡ್ ಬಂದಿದೆ. ಉಗ್ಗಿಗೆ ಬಾಯಲ್ಲಿ ಕಲ್ಲು ಇಟ್ಕೊಂಡು ಓದಿಸೋದೂ ಇದೆ. ಕಳಿಸ್ಲಾ?

ಮೇಡಂ: ಕಳಿಸಬೇಡಿ. ಕಿವಿತಮಟೆ ತೂತಾಗಿದ್ದರೆ ಎಣ್ಣೆ ನೇರ ನಡುಗಿವಿಗೆ ಹೋಗಿ ಸೋಂಕಾಗುತ್ತೆ, ಬಿಸಿ ಇದ್ದರೆ ಸುಡುತ್ತೆ. ಕಲ್ಲು ಗಂಟಲಿಗೆ ಸಿಕ್ಕಿಕೊಂಡರೆ ಮಗುವಿಗೆ ಉಸಿರುಕಟ್ಟುತ್ತೆ, ಉಗ್ಗು ಇದ್ದಲ್ಲೇ ಇರುತ್ತೆ. ವಿದ್ಯಾರ್ಥಿಗಳಿಗೂ ಹೇಳ್ತೀನಿ, "ಇಷ್ಟು ದಿನದಲ್ಲಿ ಉಗ್ಗು ಮಾಯ" ಅಂತ ಯಾರಿಗೂ ಮಾತು ಕೊಡಬೇಡಿ.

ಎರಡನೇ ವರ್ಷ 2: ಥೆರಪಿ ಮಗುವಿನ ಮನೆಯವರು ಹಬ್ಬಕ್ಕೆ ಬಟ್ಟೆ ಕೊಟ್ರೆ ತಗೋಬಹುದಾ?

ಸದಸ್ಯ, ಹಿಯರಿಂಗ್ ಏಡ್ ಮಾರಾಟ: ನೀತಿ ಮಾತಾಡೋದು ಸುಲಭ. ಕಮಿಷನ್ ಇಲ್ಲದೆ ಎಷ್ಟು ಕ್ಲಿನಿಕ್ ನಡೆಯುತ್ತೆ ಹೇಳಿ ನೋಡೋಣ.

ಕೊನೇ ವರ್ಷ: ಅಂದ್ರೆ ಯಾವ ಕಂಪನಿ ಜಾಸ್ತಿ ಕೊಡುತ್ತೋ ಅದೇ ಅಜ್ಜನ ಕಿವಿಗೆ?

ಸದಸ್ಯ, ಹಿಯರಿಂಗ್ ಏಡ್ ಮಾರಾಟ: ತಮ್ಮಾ, ಮೊದಲು ಕೆಲಸಕ್ಕೆ ಸೇರು, ಆಮೇಲೆ ಮಾತಾಡು.

ಕೊನೇ ವರ್ಷ: ಕೆಲಸಕ್ಕೆ ಸೇರೋ ಮುಂಚೆ ಕೇಳದೆ ಇನ್ಯಾವಾಗ ಕೇಳ್ಬೇಕು? ಉತ್ತರ ಇಲ್ಲ ಅಂದ್ರೆ ಇಲ್ಲ ಅನ್ನಿ.

ಮೇಡಂ: ಇಬ್ಬರೂ ಸಾಕು. ಮಾರಾಟದ ಮೇಲೆ ನಿಮಗೆ ಹಣ ಬರುತ್ತೆ ಅನ್ನೋದು ರೋಗಿಗೆ ಗೊತ್ತಿಲ್ಲದಿದ್ರೆ ನಿಮ್ಮ ಸಲಹೆಯನ್ನ ಅವರು ತೂಗಿ ನೋಡೋಕೆ ಆಗಲ್ಲ. ಮುಚ್ಚಿಟ್ಟ ಕಮಿಷನ್ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಕನಿಷ್ಠ ಎರಡು ದರ್ಜೆಯ ಸಾಧನ ಹಾಕಿ ತೋರಿಸಿ, ರಿಯಲ್ ಇಯರ್ ಅಳತೆ (ಸಾಧನ ಹಾಕಿದಾಗ ಕಿವಿಯೊಳಗೆ ಮುಟ್ಟುವ ಸದ್ದಿನ ಅಳತೆ) ಮಾಡಿ, ವಾಪಸ್ ಮಾಡುವ ಷರತ್ತು ಬರೆದು ಕೊಡಿ. ಪದ ಅರ್ಥವೇ ಆಗದ ಕಿವಿಗೆ ದುಬಾರಿ ಸಾಧನ ಮಾರಬೇಡಿ.

ಸದಸ್ಯ, ಹಿಯರಿಂಗ್ ಏಡ್ ಮಾರಾಟ: ಪುಸ್ತಕದ ಮಾತು.

ನಾಲ್ಕನೇ ಸೆಮಿಸ್ಟರ್: ಬೇರೆಯವರು ಮಾಡೋದನ್ನ ಕನ್ನಡಿ ಹಿಂದೆ ಕೂತು ನೋಡಿದ ಗಂಟೆಗಳನ್ನ ಲಾಗ್‌ಬುಕ್ಕಲ್ಲಿ "ಮಾಡಿದ್ದು" ಅಂತ ಬರೀಬಹುದಾ? ಎಲ್ರೂ ಬರೀತಾರೆ.

ಮೇಡಂ: ಇಲ್ಲ. ಅದು ಸುಳ್ಳು ದಾಖಲೆ.

ನಾಲ್ಕನೇ ಸೆಮಿಸ್ಟರ್: ಅರ್ಧ ನೋಡಿ ಅರ್ಧ ಮಾಡಿದ್ರೆ?

ಮೇಡಂ: ಅರ್ಧ ಅರ್ಧ ಬರೀರಿ.

ಮೂರನೇ ವರ್ಷ: ಇದೇ ತರ ಇನ್ನೊಂದು ಆಡಿಯೋಗ್ರಾಂ, ಫೋಟೋ ಹಾಕಿದ್ದೀನಿ, ಹೆಸರು ಗೀಚಿದ್ದೀನಿ.

ಮೇಡಂ: ತಕ್ಷಣ ಡಿಲೀಟ್ ಮಾಡಿ. ಕೇಸ್ ನಂಬರ್, ಬಾರ್‌ಕೋಡ್ ಎರಡೂ ಕಾಣ್ತಿದೆ, ಪೆನ್ನಿನ ಗೀಟಿನ ಅಡಿಯಲ್ಲಿ ಹೆಸರೂ ಓದೋಕಾಗ್ತಿದೆ. ಅಡ್ಮಿನ್, ಫೋಟೋ ಹಾಕೋದನ್ನ ನಿಲ್ಲಿಸಿ.

ಪೋಷಕರು: ಎಣ್ಣೆ ಬಿಸಿ ಮಾಡದೆ ಹಾಕಿದ್ರೆ?

ಮೇಡಂ: ಕಿವಿಗೆ ಏನೂ ಹಾಕಬೇಡಿ. ಕೊನೇ ಸಲ ಹೇಳ್ತಿದ್ದೀನಿ.

ಇಂಟರ್ನ್: ಮೇಡಂ, ಸೂಪರ್‌ವೈಸರ್ ಒಪ್ಪಿದ್ರು, ರೋಗಿ ಸಂಜೆ ಬರ್ತಾರೆ. ನಾಯ್ಸ್ ಏರಿಸಿದಷ್ಟೂ ಥ್ರೆಶೋಲ್ಡ್ ಏರ್ತಾ ಹೋಗಿ ಪ್ಲಾಟೊ ಸಿಗದಿದ್ರೆ?

ಮೇಡಂ: ಇನ್ಸರ್ಟ್ ಇಯರ್‌ಫೋನ್ ಇದ್ದರೆ ಅದನ್ನ ಬಳಸಿ, ಆಚೆ ಕಿವಿಗೆ ದಾಟೋದು ಕಮ್ಮಿ. ಮೆಷಿನ್ ಮಿತಿ ಮುಟ್ಟಿದರೆ "ಮಿತಿಯವರೆಗೂ ಪ್ರತಿಕ್ರಿಯೆ ಇಲ್ಲ" ಅಂತ ಬರೀರಿ, ಅಂದಾಜು ಅಂಕಿ ತುಂಬಬೇಡಿ. ಪ್ಲಾಟೊ ಸಿಗಲಿ ಬಿಡಲಿ, ರೋಗಿ ಇವತ್ತೇ ಇಎನ್‌ಟಿಗೆ ಹೋಗಬೇಕು. ಚೀಟಿಯ ಮೇಲೆ "ಹಠಾತ್ ನಷ್ಟದ ಶಂಕೆ, ಐದನೇ ದಿನ" ಅಂತ ದಪ್ಪಕ್ಷರದಲ್ಲಿ ಬರೆದು, ವೈದ್ಯರಿಗೆ ನೀವೇ ಫೋನ್ ಮಾಡಿ ಹೇಳಿ.

ಎರಡನೇ ವರ್ಷ 2: ಬಟ್ಟೆ ವಿಷಯ ಯಾರೂ ಹೇಳ್ಲಿಲ್ಲ.